ತಿರುಗಿ ನೋಡುವ ಜೇಡ

ಇವತ್ತು ಬೆಳಿಗ್ಗೆ ಸಿಂಚನಾ ಪೇಪರನ್ನು ಸುರುಳಿ ಸುತ್ತಿಕೊಂಡು ಕಿಟಕಿಯ ಹತ್ತಿರ ಹೋದವಳು ಹೊಡೆಯದೆ ಹಾಗೇ ನಿಂತುಬಿಟ್ಟಳು. “ಅಜ್ಜಿ, ಇದು ನನ್ನನ್ನೇ ನೋಡ್ತಾ ಇದೆ!”

ಹೋಗಿ ನೋಡಿದೆ. ತೊಗರಿಬೇಳೆಯಷ್ಟು ದೊಡ್ಡ ಜೇಡ. “ನೋಡುತ್ತೆ ಕಣೇ. ನೀನು ಆ ಕಡೆ ಸರಿ, ಅದೂ ತಿರುಗುತ್ತೆ” ಎಂದೆ. ಅವಳು ಎಡಕ್ಕೆ ಸರಿದಳು, ಅದೂ ಎಡಕ್ಕೆ ತಿರುಗಿತು. ಬಲಕ್ಕೆ ಬಂದಳು, ಅದೂ ಬಂತು. “ನಿಂಗೆ ಹೇಗಜ್ಜಿ ಗೊತ್ತು?” ಎಂದಳು. ಬಾಯಲ್ಲಿ ಹೇಳಲು ನನಗೆ ಈಗಲೂ ನಾಚಿಕೆ. ಅದಕ್ಕೇ ಮೊಮ್ಮಕ್ಕಳು ನಿಮಗೆಲ್ಲ ಸೇರಿಸಿ ಬರೆಯುತ್ತಿದ್ದೇನೆ. ಹಳ್ಳಿ ಸ್ಕೂಲಿನಲ್ಲಿ ಏಳನೇ ಕ್ಲಾಸು ಓದಿದವಳ ಬರವಣಿಗೆ, ನಗಬೇಡಿ. ನಕ್ಕರೂ ನನ್ನ ಎದುರಿಗೆ ಬೇಡ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬೆಳ್ಳಾವಿ ಕಡೆಯ ನಮ್ಮ ಹಳ್ಳಿಯಿಂದ ಮದುವೆಯಾಗಿ ಗುಬ್ಬಿಗೆ ಬಂದೆ. ನಿಮ್ಮ ತಾತ ಅಲ್ಲಿ ಟೈಲರು. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಹೆಣ್ಣು ನೋಡಲು ಬಂದ ದಿನ “ತಲೆ ಎತ್ತಬೇಡ” ಅಂತ ಅಮ್ಮ ಹೇಳಿದ್ದಳು. ಎತ್ತಲಿಲ್ಲ. ಧಾರೆಯಲ್ಲೂ ಎತ್ತಲಿಲ್ಲ. ಆಮೇಲೆ ಎತ್ತಬಹುದು ಅಂತ ನನಗೆ ಯಾರೂ ಹೇಳಲಿಲ್ಲ. ಹೀಗಾಗಿ ಮೂರು ತಿಂಗಳಾದರೂ ನನ್ನ ಗಂಡನ ಪಾದ ನನಗೆ ಚೆನ್ನಾಗಿ ಗೊತ್ತಿತ್ತು, ಮುಖ ಅಷ್ಟಾಗಿ ಗೊತ್ತಿರಲಿಲ್ಲ. ಅವರೂ ಮಾತು ಕಡಿಮೆಯ ಮನುಷ್ಯ. ಊರಿನವರ ಭುಜ, ಸೊಂಟ, ತೋಳಿನ ಅಳತೆ ಬಾಯಿಗೇ ಬರುತ್ತಿತ್ತು, ಹೆಂಡತಿಯ ಹತ್ತಿರ ಏನು ಮಾತಾಡಬೇಕು ಅಂತ ಮಾತ್ರ ತಿಳಿಯುತ್ತಿರಲಿಲ್ಲ.

ನಾನು ಹಿಂದಿನ ಕೋಣೆಯ ಕಿಟಕಿಯಲ್ಲಿ ಕೂತು ಗುಂಡಿ ಹಾಕುತ್ತಿದ್ದೆ, ಹೆಮ್ಮಿಂಗ್ ಮಾಡುತ್ತಿದ್ದೆ. ಅಲ್ಲೇ ಒಂದು ಕಂದು ಬಣ್ಣದ ಜೇಡ ಇತ್ತು. ಮೈಯೆಲ್ಲ ಮಖಮಲ್ಲಿನ ಹಾಗೆ ನವಿರು, ಮುಖದ ತುಂಬ ಕಣ್ಣು, ನಡುವಿನ ಎರಡಂತೂ ಮಣಿಗಳ ಹಾಗೆ ದೊಡ್ಡವು. ಬಲೆ ಕಟ್ಟಿ ಕಾಯುವ ಜಾತಿಯಲ್ಲ ಅದು. ನೊಣ ಕಂಡರೆ ಬೆಕ್ಕಿನ ಹಾಗೆ ಹೊಂಚುತ್ತ ಹೋಗಿ ನೆಗೆಯುತ್ತದೆ. ನೆಗೆಯುವ ಮುಂಚೆ ಒಂದು ಎಳೆಯನ್ನು ಕಿಟಕಿಯ ಕಟ್ಟೆಗೆ ಅಂಟಿಸಿಕೊಳ್ಳುತ್ತದೆ. ಗುರಿ ತಪ್ಪಿದರೂ ಕೆಳಗೆ ಬೀಳುವುದಿಲ್ಲ, ಆ ಎಳೆ ಹಿಡಿದೇ ಮೇಲೆ ಬರುತ್ತದೆ. ಬಂದು ಕೂತು, ಏನೂ ಆಗದವರ ಹಾಗೆ ಮುಖ ಒರೆಸಿಕೊಳ್ಳುತ್ತದೆ. ಆ ಮನೆಯಲ್ಲಿ ನಾನು ಮುಖ ಎತ್ತಿ ನೋಡುತ್ತಿದ್ದುದು ಅದೊಂದನ್ನೇ.

ಒಂದು ದಿನ ಲೈನಿಂಗ್ ಬಟ್ಟೆ ತರಲು ಇಬ್ಬರೂ ತುಮಕೂರಿಗೆ ಹೋಗಿದ್ದೆವು. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಜನವೋ ಜನ. ಅವರ ಕಪ್ಪು ಚಪ್ಪಲಿಯನ್ನೇ ಹಿಂಬಾಲಿಸಿ ಬಸ್ಸು ಹತ್ತಿ ಹೆಂಗಸರ ಸೀಟಿನಲ್ಲಿ ಕೂತೆ. ಕಂಡಕ್ಟರು ಬಂದು, “ಎಲ್ಲಿಗಮ್ಮ? ಕುಣಿಗಲ್ಲಾ?” ಎಂದ.

“ಗುಬ್ಬಿಗೆ. ನಮ್ಮೋರು ತಗೋತಾರೆ, ಹಿಂದ್ಗಡೆ ಅವ್ರೆ.”

“ಇದು ಗುಬ್ಬಿ ಬಸ್ಸಲ್ಲ ಕಣಮ್ಮ! ಯಾರು ನಿಮ್ಮೋರು, ತೋರ್ಸು.”

ತಿರುಗಿ ನೋಡಿದೆ. ಸಾಲು ಸಾಲು ಮುಖ. ಅದರಲ್ಲಿ ನನ್ನ ಗಂಡ ಇದ್ದಾರೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ. ನಾನು ಹಿಂಬಾಲಿಸಿ ಬಂದದ್ದು ಬೇರೆ ಯಾರದೋ ಕಪ್ಪು ಚಪ್ಪಲಿ. ಅಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಯಾರೋ ಪಕ್ಕದಲ್ಲಿ ಓಡಿಬರುತ್ತ ಬಸ್ಸಿನ ತಗಡನ್ನು ಬಡಿದು “ಹೋಲ್ಡಾನ್! ಹೋಲ್ಡಾನ್!” ಅಂತ ಕೂಗಿದರು. ಬಸ್ಸು ನಿಂತಿತು. ಏದುಸಿರು ಬಿಡುತ್ತ ಹತ್ತಿದವರನ್ನು ತೋರಿಸಿ ಕಂಡಕ್ಟರು, “ಇವ್ರೇನಮ್ಮ?” ಎಂದ. ನಾನು ಮೊದಲು ಅವರ ಪಾದ ನೋಡಿ, ಆಮೇಲೆ “ಹೂಂ” ಎಂದೆ.

“ಕಾಲು ನೋಡಿ ಗಂಡನ್ ಕಂಡಿಡೀತದಲ್ಲಪ್ಪೋ ಈ ಹುಡ್ಗಿ!” ಎಂದ ಹಿಂದಿನ ಸೀಟಿನವನೊಬ್ಬ. ಇಡೀ ಬಸ್ಸು ನಕ್ಕಿತು. ನಿಮ್ಮ ತಾತ ನಗಲಿಲ್ಲ.

ಮನೆಗೆ ಬಂದು ಗಂಟನ್ನು ಮಿಷನ್ನಿನ ಮೇಲಿಟ್ಟು ಹೇಳಿದರು: “ನಿಂಗೆ ನಾನು ಇಷ್ಟ ಇಲ್ಲ ಅಂತ ಕಾಣ್ತದೆ. ನಿಮ್ಮಪ್ಪ ಬಲವಂತ ಮಾಡಿದ್ರೆ ಹೇಳ್ಬುಡು. ಭಾನುವಾರ ಊರಿಗೆ ಬಿಟ್ಟು ಬರ್ತೀನಿ. ನಾನೇನೂ ಅನ್ಕಳಲ್ಲ.” ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಬಾರದ ಬಾಯಿಯನ್ನು ಅವರು ಹೌದು ಅಂತಲೇ ತಿಳಿದುಕೊಂಡರು. ಮೂರು ದಿನ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನ ಸೀರೆಗಳು ಬ್ಯಾಗು ಸೇರಿದ್ದವು. ನಾನು ಕಿಟಕಿಯ ಹತ್ತಿರ ಹೋದೆ, ನಮ್ಮ ಕಂದು ಜೇಡಕ್ಕಾದರೂ ಹೇಳಿ ಹೋಗೋಣ ಅಂತ. ಅದು ಒಂಟಿಯಾಗಿರಲಿಲ್ಲ. ಎದುರಿಗೆ ಕಪ್ಪು ಮೈಗೆ ಬಿಳಿ ಪಟ್ಟೆಯ ಸಣಕಲು ಗಂಡು. ಮುಂಗಾಲು ಎರಡನ್ನೂ ಎತ್ತಿಕೊಂಡು ಆ ಪಕ್ಕ ನಾಲ್ಕು ಹೆಜ್ಜೆ, ಈ ಪಕ್ಕ ನಾಲ್ಕು ಹೆಜ್ಜೆ. ನಿಲ್ಲುವುದು, ನಡುಗುವುದು, ಮತ್ತೆ ಶುರು. ಇವಳು ತಿರುಗಿ ತಿರುಗಿ ನೋಡುತ್ತಿದ್ದಳು.

“ಹೊರಡಾಣ?” ಎಂದರು ನಿಮ್ಮ ತಾತ. ಸುಮ್ಮನಿರಿ ಅಂತ ಕೈಯಾಡಿಸಿದೆ. ಅವರಿಗೆ ಆಶ್ಚರ್ಯವಾಗಿರಬೇಕು; ಬಂದು ನನ್ನ ಪಕ್ಕದಲ್ಲಿ ಬಗ್ಗಿದರು.

“ಎಷ್ಟೊತ್ತಿಂದ ಕುಣೀತಾವ್ನೆ?”

“ಆಗ್ಲಿಂದ.”

“ಪಾಪ. ಅವ್ಳು ಏನಂತಾಳೆ?”

“ಓಡೋಗಿಲ್ಲ” ಎಂದೆ.

ಜೇಡ ಬಿಟ್ಟು ಪಕ್ಕಕ್ಕೆ ತಿರುಗಿದೆ. ಒಂದು ಗೇಣು ದೂರದಲ್ಲಿ ಅವರ ಮುಖ. ನೋಡಿದೆ. ರೆಪ್ಪೆ ಬಡಿಯಬಾರದು ಅಂತ ನಿಶ್ಚಯ ಮಾಡಿಕೊಂಡು ನೋಡಿದೆ. “ನಂಗೆ ನಾಚ್ಕೆ ಅಷ್ಟೇ ರೀ. ಇಷ್ಟ ಇಲ್ಲ ಅಂತಲ್ಲ.”

ಸ್ವಲ್ಪ ಹೊತ್ತು ಅವರಿಗೂ ತಲೆ ತಗ್ಗಿಸುವ ಹಾಗಾಯಿತು. ಬ್ಯಾಗಿನಿಂದ ಸೀರೆಗಳನ್ನು ಒಂದೊಂದೇ ತೆಗೆದು, ಗಿರಾಕಿಯ ಬಟ್ಟೆಯ ಹಾಗೆ ನೀಟಾಗಿ ಮಡಿಸಿ ಟ್ರಂಕಿನಲ್ಲಿಟ್ಟರು. ಮತ್ತೆ ಕಿಟಕಿಗೆ ಬಂದಾಗ ಜೇಡಗಳೆರಡೂ ಇರಲಿಲ್ಲ. ಅವುಗಳ ಕಥೆ ಏನಾಯಿತೋ ನನಗೆ ತಿಳಿಯದು.

ಮಕ್ಕಳೇ, ನೀವ್ಯಾರೂ ನಿಮ್ಮ ತಾತನನ್ನು ನೋಡಿಲ್ಲ. ನಡುಮನೆಯ ಗೋಡೆಯ ಫೋಟೋದಲ್ಲಿ ಕಣ್ಣು ಕಾಡಿಗೆಯಷ್ಟು ಕಪ್ಪು ಕಾಣುತ್ತದಲ್ಲ, ಅದು ಸ್ಟುಡಿಯೋದವನು ತಿದ್ದಿದ್ದು. ಅವರ ಕಣ್ಣು ಕಪ್ಪಲ್ಲ. ಬೆಳಕಿಗೆ ಹಿಡಿದ ಡಿಕಾಕ್ಷನ್ನಿನ ಬಣ್ಣ. ಎಡಗಣ್ಣಿನ ರೆಪ್ಪೆ ಒಂದು ಎಳೆಯಷ್ಟು ಕೆಳಗೆ. ನಗುವ ಮುಂಚೆ ಅದೇ ಮೊದಲು ಅಲುಗುತ್ತಿತ್ತು.