ನಾಲ್ಕನೇ ಪುಟದ ಜವರಪ್ಪನವರು

ಜವರಪ್ಪ ಡಾಕ್ಟರ ಅಂಗಿಯ ಎರಡನೇ ಗುಂಡಿಯಿಂದ ಯಾವಾಗಲೂ ಒಂದು ಕಪ್ಪು ರೇಷ್ಮೆ ದಾರ ಜೋತಾಡುತ್ತಿತ್ತು. ಆಪರೇಷನ್ನಿನಲ್ಲಿ ಹೊಲಿಗೆ ಹಾಕಿ ಉಳಿದ ತುಂಡು ಅದು. ಬಸ್ಸಿನಲ್ಲಿ ಕೂತಿರಲಿ, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಿರಲಿ, ಅವರ ಎಡಗೈ ಬೆರಳುಗಳು ತಮ್ಮಷ್ಟಕ್ಕೆ ತಾವು ಆ ದಾರಕ್ಕೆ ಗಂಟು ಹಾಕುತ್ತಲೇ ಇರುತ್ತಿದ್ದವು. ಸರ್ಜನ್ ಆಗುವವರೆಲ್ಲ ಕಲಿಯುವ ಕಾಲದಲ್ಲಿ ಗುಂಡಿಗೋ ಕುರ್ಚಿಯ ಕೈಗೋ ದಾರ ಕಟ್ಟಿ, ಒಂದೇ ಕೈಯಲ್ಲಿ ಗಂಟು ಹಾಕುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಕಲಿತ ಮೇಲೆ ಬಿಡುತ್ತಾರೆ. ಇವರು ಬಿಡಲಿಲ್ಲ. ನಮ್ಮ ಸಂಘದ ಸಭೆಗಳಲ್ಲಿ ಅದೊಂದು ಅಳತೆಗೋಲೇ ಆಗಿಬಿಟ್ಟಿತ್ತು. ಉಪನ್ಯಾಸ ಚೆನ್ನಾಗಿದ್ದರೆ ನಾಲ್ಕೋ ಐದೋ ಗಂಟು. ಕೊರೆತವಾದರೆ ದಾರ ಪೂರಾ ಗಂಟಾಗಿ, ಜೇಬಿನಿಂದ ಇನ್ನೊಂದು ದಾರ ಹೊರಗೆ ಬರುತ್ತಿತ್ತು. ಮಾತು ಮುಗಿಸಿ ಕೆಳಗಿಳಿದವರು ಚಪ್ಪಾಳೆಗಿಂತ ಮೊದಲು ಅವರ ಗುಂಡಿಯತ್ತ ನೋಡುತ್ತಿದ್ದರು.

ಸಂಘ ಎಂದರೆ ದೊಡ್ಡದೇನಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಸರ್ಜನ್ನರು ಸೇರಿ ಕಟ್ಟಿಕೊಂಡದ್ದು. ಎಲ್ಲರನ್ನೂ ಹತ್ತಿಸಿದರೂ ಒಂದು ಮಿನಿ ಬಸ್ಸು ತುಂಬುತ್ತಿರಲಿಲ್ಲ. ತಿಂಗಳಿಗೊಂದು ಭಾನುವಾರ ಯಾವುದಾದರೂ ಊರಿನಲ್ಲಿ ಸೇರಿ, ಹೊಸ ವಿಧಾನಗಳ ಬಗ್ಗೆ ತಿಳಿದವರಿಂದ ಪಾಠ ಹೇಳಿಸಿಕೊಂಡು, ಊಟ ಮಾಡಿ ಮನೆಗೆ ಹೋಗುವುದು. ಜೊತೆಗೆ ತಿಂಗಳಿಗೊಂದು ನಾಲ್ಕು ಪುಟದ ಸುದ್ದಿಪತ್ರ. ಅದಕ್ಕೆ ಸಂಪಾದಕರು, ಕರಡು ತಿದ್ದುವವರು, ಸುತಲಿ ಕಟ್ಟುವವರು ಎಲ್ಲವೂ ಜವರಪ್ಪನವರೇ. ಕೆ.ಆರ್. ಪೇಟೆಯಲ್ಲಿ ಅಚ್ಚು ಹಾಕಿಸಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ, ಪಾಂಡವಪುರದ ಬಸ್ ಸ್ಟ್ಯಾಂಡಿನ ಮೆಡಿಕಲ್ ಶಾಪಿಗೆ ನಮ್ಮ ತಾಲ್ಲೂಕಿನ ಕಟ್ಟು ಬಂದು ಬೀಳುತ್ತಿತ್ತು. ನಾವು ಬರೆದದ್ದೂ ಅದೇ ದಾರಿಯಲ್ಲಿ ಅವರಿಗೆ ಹೋಗುತ್ತಿತ್ತು.

ಮೊದಲ ಮೂರು ಪುಟ ಇಂಗ್ಲಿಷು. ಯಾರಿಗೆ ಸನ್ಮಾನವಾಯಿತು, ಯಾವ ಔಷಧಿ ಈಗ ಕೊಡಬಾರದು, ಮುಂದಿನ ಸಭೆಯಲ್ಲಿ ಯಾರ ಉಪನ್ಯಾಸ, ಇಂಥವು. ನಾಲ್ಕನೇ ಪುಟ ಮಾತ್ರ ಕನ್ನಡ. ತಲೆಬರಹ ‘ನನ್ನಿಂದಾದ ತಪ್ಪು’. ಸರದಿಯ ಪ್ರಕಾರ ತಿಂಗಳಿಗೊಬ್ಬರು ತಮ್ಮ ಕೈಯಿಂದಾದ ಒಂದು ತಪ್ಪನ್ನು ಬರೆಯಬೇಕು. ಬರೆದು ಕೊಡದಿದ್ದರೆ ಜವರಪ್ಪನವರು ಆ ಜಾಗಕ್ಕೆ ಬೇರೆ ಏನನ್ನೂ ತುಂಬುತ್ತಿರಲಿಲ್ಲ. ತಲೆಬರಹ, ಅದರ ಕೆಳಗೆ ಸರದಿ ಬಂದವರ ಹೆಸರು, ಅದರ ಕೆಳಗೆ ಪುಟ ಪೂರ್ತಿ ಬಿಳಿ. ಆ ಬಿಳಿ ಹಾಳೆಗೆ ನಾವೆಲ್ಲ ಹೆದರುತ್ತಿದ್ದೆವು.

ಶುರುವಿನಲ್ಲಿ ಹೆಸರು ಹಾಕುತ್ತಿರಲಿಲ್ಲವಂತೆ. ‘ನಾಗಮಂಗಲದ ಸರ್ಜನ್ನರೊಬ್ಬರು’ ಎಂದು ಒಮ್ಮೆ ಅಚ್ಚಾಯಿತು. ನಾಗಮಂಗಲದಲ್ಲಿ ಆಗ ಸದಸ್ಯರಿದ್ದದ್ದೇ ಇಬ್ಬರು. ತಪ್ಪು ಮಾಡದವರು ಕೆಂಡವಾಗಿ ಕೆ.ಆರ್. ಪೇಟೆಗೇ ಬಂದರು. ಜವರಪ್ಪನವರು ಕಾಫಿ ಕೊಟ್ಟು ಸಮಾಧಾನ ಮಾಡಿ, ಮುಂದಿನ ಸಂಚಿಕೆಯಲ್ಲಿ ಸ್ಪಷ್ಟನೆ ಹಾಕಿದರು: ‘ಕಳೆದ ತಿಂಗಳ ತಪ್ಪು ಮಾಡಿದವರು ಬಸ್ ಸ್ಟ್ಯಾಂಡ್ ಎದುರಿನ ಡಾಕ್ಟರಲ್ಲ.’ ಇನ್ನೊಬ್ಬರು ಆರು ತಿಂಗಳು ಸಭೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಹೆಸರು ಹಾಕಿಯೇ ಬರೆಯುವುದು ಎಂದಾಯಿತು.

“ಎಸ್ರು ಮುಚ್ಚಿಟ್ರೆ ಪಕ್ಕದೋನ್ ಮ್ಯಾಲೆ ಬೀಳ್ತದೆ ಕಣಯ್ಯ. ನಮ್ದು ನಮ್ ಮ್ಯಾಲೇ ಇರ್ಲಿ,” ಎನ್ನುತ್ತಿದ್ದರು.

ಹೆಸರು ಹಾಕಿ ಬರೆದ ಮೊದಲನೆಯ ತಪ್ಪು ಅವರದೇ. ಹೊಸದಾಗಿ ಮದುವೆಯಾದ ಹೆಣ್ಣುಮಗಳೊಬ್ಬಳು ಆಷಾಢಕ್ಕೆ ತವರಿಗೆ ಬಂದಿದ್ದಳು. ಶ್ರಾವಣ ಹುಟ್ಟುವ ಹೊತ್ತಿಗೆ ಹೊಟ್ಟೆಯ ಬಲಭಾಗದಲ್ಲಿ ನೋವು ಎಂದು ಹೊರಳಾಡಿದಳು. ಇವರು ಅಪೆಂಡಿಕ್ಸ್ ಎಂದು ಕೊಯ್ದರೆ ಅದು ಏನೂ ಆಗದೆ ನೆಟ್ಟಗಿತ್ತು. ಹೊಲಿಗೆ ಬಿಚ್ಚುವ ದಿನ ಏನಮ್ಮ ಇದು ಎಂದು ಕೇಳಿದಾಗ ಅವಳು, “ಒಟ್ಟೆನೋವಿರ್ನಿಲ್ಲ ಸಾ. ಗಂಡನ ಮನೆಗೋಗಕ್ಕೆ ಮನ್ಸಿರ್ನಿಲ್ಲ. ನೀವು ಎಲ್ಲಿ ನೋವು ಅಂತ ಕೇಳುದ್ರಿ, ಇನ್ನೇನೂ ಕೇಳ್ನಿಲ್ವಲ್ಲ,” ಎಂದಳಂತೆ. ಅವತ್ತಿನಿಂದ ಜವರಪ್ಪನವರಿಗೆ ಒಂದೇ ಹಟ ಹಿಡಿಯಿತು. ನಾವು ಬರೆದು ಕಳಿಸುತ್ತಿದ್ದದ್ದು ಕೇಸ್ ಶೀಟಿನ ಹಾಗಿರುತ್ತಿತ್ತು: ಗಂಡಸು, ವಯಸ್ಸು ಇಷ್ಟು, ನೋವು ಇಂಥ ಕಡೆ, ಮಾಡಿದ್ದು ಇಂಥದ್ದು. ಅದು ಮೂರೇ ದಿನದಲ್ಲಿ ವಾಪಸ್ಸು ಬರುತ್ತಿತ್ತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಪದ: ‘ರೋಗಿ ಏನಂದ್ರು?’

ಒಂದು ಸಲ ಬೆಳ್ಳೂರು ಕ್ರಾಸಿನ ಹೋಟೆಲೊಂದರ ಮಹಡಿಯಲ್ಲಿ ಸಭೆ. ಬೆಂಗಳೂರಿನಿಂದ ಬಂದ ತಜ್ಞರೊಬ್ಬರು ಗಂಟೆಗಟ್ಟಲೆ ಚಿತ್ರ ತೋರಿಸಿದರು. ಜವರಪ್ಪನವರ ಮೂರನೇ ದಾರ ಹೊರಗೆ ಬಂದಿತ್ತು. ಪ್ರಶ್ನೆ ಕೇಳಬಹುದು ಎಂದಾಗ ಇವರು ಎದ್ದರು.

“ಸಾರ್, ಅವ್ರು ಏನಂದ್ರು?”

“ಯಾರು?”

“ಕಣ್ಣಿಗೆ ಕಪ್ಪು ಪಟ್ಟಿ ಆಕಿ ಒಂದ್ ಫೋಟೊ ತೋರ್ಸುದ್ರಲ್ಲ, ಆ ಎಂಗ್ಸು. ಗುಣ ಆದ್ಮೇಲೆ ಏನಂದ್ರು ಅಂತ.”

ತಜ್ಞರು ಯೋಚಿಸಿದರು. ಅವರಿಗೆ ನೆನಪಿರಲಿಲ್ಲ, ನೆನಪಿಲ್ಲ ಎಂದು ಒಪ್ಪಿಕೊಂಡರು. ನಾವು ನಕ್ಕೆವು, ಅವರೂ ನಕ್ಕರು. ಊಟಕ್ಕೆ ಕೂತಾಗ ಜವರಪ್ಪನವರು ಅವರ ಪಕ್ಕದಲ್ಲೇ ಕೂತು, ಮುದ್ದೆ ಮುರಿಯುವುದನ್ನು ಕಲಿಸಿದರು.

ನಗುತ್ತಿದ್ದವರಲ್ಲಿ ನಾನೂ ಒಬ್ಬ. ಆದರೆ ಆ ಹೊತ್ತಿಗಾಗಲೇ ನನ್ನೊಳಗೆ ಒಂದು ತಪ್ಪು ಕೂತಿತ್ತು.

ಎಪ್ಪತ್ತರ ಆಸುಪಾಸಿನ ನಿಂಗಮ್ಮ ಎಂಬ ಹೆಂಗಸು. ಮಗ ಕೆಂಪರಾಜು ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ನೋಡಿಕೊಳ್ಳುವವನು. ವಾಂತಿ, ಹೊಟ್ಟೆ ಉಬ್ಬರ ಎಂದು ಅವನೇ ಪಾಂಡವಪುರಕ್ಕೆ ನನ್ನ ಹತ್ತಿರ ಕರೆತಂದು, ಹೊರಗೆ ಬೆಂಚಿನ ಮೇಲೆ ಕೂತ. ಹೊಟ್ಟೆ ಮುಟ್ಟಿ ನೋಡಿದೆ. ತೊಡೆಯ ಸಂದಿಯನ್ನೂ ನೋಡಬೇಕಿತ್ತು. ಮುದುಕಿಯರಲ್ಲಿ ಕರುಳಿನ ಒಂದು ಕುಣಿಕೆ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎನ್ನುವುದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ಸೀರೆಯ ಗಂಟು ಸಡಿಲ ಮಾಡಿ ಎಂದೆ. ಅವರು ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಬ್ಯಾಡ ಕಣಪ್ಪ, ಅಲ್ಲೇನಿಲ್ಲ,” ಎಂದರು. ನಾನು ಬಿಟ್ಟೆ. ತಾಯಿಯ ವಯಸ್ಸಿನವರ ಮರ್ಯಾದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹೊರಗೆ ಜನ ತುಂಬಿದ್ದರು, ನನಗೆ ಹಸಿವಾಗಿತ್ತು, ಅವರು ಬೇಡ ಎಂದದ್ದು ನನಗೆ ಅನುಕೂಲವೇ ಆಯಿತು.

ಎರಡು ದಿನ ಡ್ರಿಪ್ ಹಾಕಿದೆ. ಮೂರನೇ ದಿನ ಮೈಸೂರಿಗೆ ಕಳಿಸಿದೆ. ಅಲ್ಲಿನ ಸರ್ಜನ್ ಫೋನು ಮಾಡಿ, ತೊಡೆಯ ಸಂದಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟಿತ್ತು, ಒಳಗಿನ ಕರುಳು ಸತ್ತುಹೋಗಿದೆ ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಿಂಗಮ್ಮ ಉಳಿಯಲಿಲ್ಲ. ತಿಥಿ ಮುಗಿಸಿ ಬಂದ ಕೆಂಪರಾಜುವಿಗೆ ನಾನು, “ವಯಸ್ಸಾಗಿತ್ತಲ್ಲಪ್ಪ, ಕರುಳು ತಡೆದುಕೊಳ್ಳಲಿಲ್ಲ,” ಎಂದೆ. ಅವನು ಕೈ ಮುಗಿದ. ಆ ವರ್ಷದಿಂದ ಆಲೆಮನೆ ಶುರುವಾದ ಕೂಡಲೇ ಒಂದು ಚೀಲ ಅಚ್ಚುಬೆಲ್ಲ ತಂದುಕೊಡುವುದು ಅವನ ಪದ್ಧತಿಯಾಯಿತು. “ಅವ್ವನ್ನ ನೀವು ಚೆನ್ನಾಗ್ ನೋಡ್ಕಂಡ್ರಿ ಸಾ,” ಎನ್ನುತ್ತಿದ್ದ. ಆ ಬೆಲ್ಲವನ್ನು ನಾನು ಒಂದು ಸಲವೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ನನ್ನ ಸರದಿ ಬಂದಾಗ ಇದನ್ನು ಬರೆಯಲಿಲ್ಲ. ಹರ್ನಿಯಾ ಆಪರೇಷನ್ನಿನ ಗಾಯವೊಂದು ಕೀವಾಗಿದ್ದನ್ನು ಹುಡುಕಿ, ಚೆನ್ನಾಗಿ ಬರೆದು ಕಳಿಸಿದೆ. ಕೆಂಪು ಶಾಯಿಯಲ್ಲಿ ವಾಪಸ್ಸು ಬಂತು: ‘ಇದು ಎಲ್ಲರಿಗೂ ಆಗುತ್ತದೆ. ನಿನ್ನ ನಿದ್ದೆ ಕೆಡಿಸಿದ್ದು ಬರಿ.’ ನಾನು ಬರೆಯಲಿಲ್ಲ. ಆ ತಿಂಗಳು ನಾಲ್ಕನೇ ಪುಟದಲ್ಲಿ ನನ್ನ ಹೆಸರು ಬಂತು, ಕೆಳಗೆ ಬಿಳಿ ಹಾಳೆ. ಸಭೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಜವರಪ್ಪನವರು ಮಾತ್ರ ಊಟದ ಸಾಲಿನಲ್ಲಿ ಹಿಂದಿನಿಂದ ಬಂದು ನನ್ನ ಎಲೆಗೆ ಒಂದು ಹೋಳಿಗೆ ಜಾಸ್ತಿ ಹಾಕಿಸಿದರು. ಅದು ನನ್ನನ್ನು ಬೈಗುಳಕ್ಕಿಂತ ಜಾಸ್ತಿ ನೋಯಿಸಿತು.

ಆಮೇಲೆ ಅವರಿಗೆ ಸ್ಟ್ರೋಕ್ ಆಯಿತು. ಎಡಗೈ ಬಿದ್ದುಹೋಯಿತು. ನೋಡಲು ಕೆ.ಆರ್. ಪೇಟೆಗೆ ಹೋದೆ. ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಗುಂಡಿಗೆ ದಾರವಿತ್ತು. ದಿನಾ ಬೆಳಗ್ಗೆ ತಾವೇ ಕಟ್ಟಿಕೊಡಬೇಕು, ಇಲ್ಲದಿದ್ದರೆ ಇವರು ಅಂಗಿ ಹಾಕಿಕೊಳ್ಳುವುದಿಲ್ಲ ಎಂದು ಅವರ ಮನೆಯವರು ನಗುತ್ತಲೇ ಕಣ್ಣೊರೆಸಿಕೊಂಡರು. ಬಲಗೈಯಲ್ಲಿ ಅವರು ಗಂಟು ಹಾಕಲು ನೋಡುತ್ತಿದ್ದರು, ಬೀಳುತ್ತಿರಲಿಲ್ಲ. ಆ ಕೈ ನೋಡುತ್ತಾ ಕೂತವನಿಗೆ ಏನಾಯಿತೋ, ನಿಂಗಮ್ಮನ ವಿಷಯವನ್ನೆಲ್ಲ ಹೇಳಿಬಿಟ್ಟೆ. ಸೀರೆಯ ಗಂಟು, ನನ್ನ ಹಸಿವು, ಬೆಲ್ಲ, ಯಾವುದನ್ನೂ ಬಿಡಲಿಲ್ಲ.

ಅವರು ದಾರ ಬಿಟ್ಟು ಕೇಳಿಸಿಕೊಂಡರು. ಎಲ್ಲರಿಗೂ ಆಗುತ್ತದೆ ಬಿಡು ಎನ್ನಬಹುದು ಎಂದು ನಾನು ಕಾಯುತ್ತಿದ್ದೆ.

“ಮಗ ಏನಂದ?” ಎಂದರು.

“ಅವನಿಗೆ ಹೇಳಿಲ್ಲ ಸಾರ್.”

“ಮತ್ತೆ ನಂಗ್ಯಾಕ್ಲಾ ಏಳ್ತಿದ್ದೀಯೆ? ಸತ್ತೋಗಿದ್ದು ನಮ್ಮವ್ವನಾ?”

ಅವರ ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ಒಂದು ಪದವೂ ತಪ್ಪಿಹೋಗಲಿಲ್ಲ.

“ಅರ್ಧ ಆಗದೆ. ಅರ್ಧ ಬರ್ದಿದ್ದ ನಾನು ಅಚ್ಚಾಕ್ಸಲ್ಲ. ಅವುನ್ಗೆ ಏಳು. ಏನಂದ ಅಂತ ಬರ್ದು ಕಳ್ಸು. ಒಂದ್ ಪುಟ ಮಡಗಿರ್ತೀನಿ ಓಗು.”

ಹೊರಡುವಾಗ ಬಾಗಿಲವರೆಗೂ ಬರಲು ನೋಡಿದರು, ಆಗಲಿಲ್ಲ. ಅದೇ ಕೊನೆಯ ಭೇಟಿ. ಆ ಮಳೆಗಾಲ ಮುಗಿಯುವ ಮೊದಲೇ ಹೋದರು. ಗೋವಿಂದನಹಳ್ಳಿ ಹತ್ತಿರದ ಅವರ ಊರಿನಲ್ಲಿ ಮಣ್ಣು ಮಾಡಿದರು. ನಾಲ್ಕು ತಾಲ್ಲೂಕಿನ ಸರ್ಜನ್ನರೆಲ್ಲ ಬಂದಿದ್ದೆವು. ಯಾರೋ ಅವರ ಗುಂಡಿಗೆ ದಾರ ಕಟ್ಟಿದ್ದರು.

ಈಗ ಸಂಘಕ್ಕೆ ನಾನೇ ಕಾರ್ಯದರ್ಶಿ. ಬೇರೆ ಯಾರೂ ಒಪ್ಪಲಿಲ್ಲ, ಅದಕ್ಕೆ. ಪಾಠಗಳೆಲ್ಲ ಮೊಬೈಲಿನಲ್ಲೇ ಆಗುತ್ತವೆ. ಡಾಕ್ಟರಿಕೆಯ ನೋಂದಣಿ ನವೀಕರಿಸಲು ಹಾಜರಿ ಅಂಕ ಬೇಕಲ್ಲ, ಎಲ್ಲರೂ ಸೇರಿಕೊಂಡು, ಕ್ಯಾಮೆರಾ ಮುಚ್ಚಿ, ಮೊಬೈಲನ್ನು ಮೇಜಿನ ಮೇಲೆ ಮಲಗಿಸಿ, ತಮ್ಮ ರೋಗಿಗಳನ್ನು ನೋಡುತ್ತಿರುತ್ತಾರೆ. ಹೇಳುವವರಿಗೂ ಅದು ಗೊತ್ತು. ಒಂದು ಸಲ ಶ್ರೀರಂಗಪಟ್ಟಣದ ಸದಸ್ಯರು ಮೈಕು ಮುಚ್ಚುವುದನ್ನು ಮರೆತು, ಉಪನ್ಯಾಸದ ನಡುವೆ, “ನಾಲಿಗೆ ಚಾಚಿ,” ಎಂದದ್ದು ಎಲ್ಲರ ಮೊಬೈಲಿನಲ್ಲೂ ಬಂತು. ಯಾರೂ ನಗಲಿಲ್ಲ, ಯಾಕೆಂದರೆ ಯಾರೂ ಅಲ್ಲಿರಲಿಲ್ಲ. ಸುದ್ದಿಪತ್ರವೂ ಮೊಬೈಲಿಗೇ ಬರುತ್ತದೆ. ನಾಲ್ಕನೇ ಪುಟಕ್ಕೆ ಜಾಹೀರಾತು ಹಾಕುತ್ತೇವೆ. ತಪ್ಪು ಬರೆದರೆ ನಾಳೆ ಯಾರಾದರೂ ಕೋರ್ಟಿಗೆ ಹಿಡಿದುಕೊಂಡು ಹೋಗುತ್ತಾರೆ ಎಂದು ಹೊಸಬರು ಹೇಳಿದರು. ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ವಾದ ಮಾಡುವಷ್ಟು ಕಸುವು ನನ್ನಲ್ಲೂ ಇರಲಿಲ್ಲ. ನನಗೆ ಸಾಕಾಗಿದೆ.

ಈ ವರ್ಷ ಆಲೆಮನೆ ಶುರುವಾಯಿತು. ಕೆಂಪರಾಜು ಬೆಲ್ಲ ತಂದ. ಮಧ್ಯಾಹ್ನ, ಜನ ಕರಗಿದ ಹೊತ್ತು. ಚೀಲವನ್ನು ಮೇಜಿನ ಪಕ್ಕ ಇಟ್ಟು, “ಈ ಸಲ ಪಾಕ ಚೆನ್ನಾಗ್ ಬಂದದೆ ಸಾ,” ಎಂದ. ಕೂತುಕೊಳ್ಳಪ್ಪ ಎಂದೆ. ಯಾವತ್ತೂ ಕೂರದವನು ಕುರ್ಚಿಯ ತುದಿಯಲ್ಲಿ ಕೂತ. ಹೇಳಿದೆ. ನೋಡಬೇಕಾದ ಜಾಗ ನೋಡಲಿಲ್ಲ, ನೋಡಿದ್ದರೆ ಅವತ್ತೇ ಮೈಸೂರಿಗೆ ಕಳಿಸುತ್ತಿದ್ದೆ, ನಿನ್ನ ತಾಯಿ ಬಹುಶಃ ಬದುಕುತ್ತಿದ್ದರು, ಅವರು ಬೇಡ ಎಂದರು, ನಾನು ಬಿಟ್ಟೆ, ನಿನಗೆ ಸುಳ್ಳು ಹೇಳಿದೆ.

ಅವನು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಅವ್ವ ಬ್ಯಾಡ ಅಂದ್ಲು ಅಂತ ಬುಟ್ಬುಟ್ರಾ ಸಾ?”

“ಹೌದಪ್ಪ.”

“ಅವ್ವ ಎಲ್ಲಾದ್ಕೂ ಬ್ಯಾಡ ಅಂತಿದ್ಲು,” ಎಂದ. “ಕಾಪಿ ಕೊಟ್ರೂ ಬ್ಯಾಡ ಅನ್ನೋಳು. ಕೈಗೆ ಮಡುಗುದ್ರೆ ಕುಡ್ಯೋಳು.”

ಕೂಗಾಡಲಿಲ್ಲ. ಎದ್ದು, ಬೆಲ್ಲದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಹೋದ. ಅವನು ಮಾಡಿದ್ದು ಸರಿ.

ಸಂಜೆ ಕೂತು ಬರೆದೆ. ಒಂದು ಪುಟ, ಕನ್ನಡದಲ್ಲಿ, ಮೇಲೆ ನನ್ನ ಹೆಸರು. ನಿಂಗಮ್ಮನ ಮಾತು, ಕೆಂಪರಾಜುವಿನ ಮಾತು, ಎರಡನ್ನೂ ಅವರು ಅಂದ ಹಾಗೇ ಬರೆದೆ. ಮಡಚಿ ಲಕೋಟೆಗೆ ಹಾಕಿ, ರೂಢಿಯಂತೆ ಹಳೆಯ ವಿಳಾಸವನ್ನೇ ಬರೆದು, ಬಸ್ ಸ್ಟ್ಯಾಂಡಿನ ಮೆಡಿಕಲ್ ಶಾಪಿಗೆ ಹೋಗಿ, ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರಿಗೆ ಕೊಟ್ಟುಬಿಡಿ ಎಂದೆ. ಅಂಗಡಿಯವರು ಲಕೋಟೆ ನೋಡಿದರು, ನನ್ನ ಮುಖ ನೋಡಿದರು.

“ಸಾ, ಜವ್ರಪ್ಪ ಡಾಕ್ಟ್ರು ತೀರ್ಕಂಡ್ರಲ್ಲ,” ಎಂದರು.

ಲಕೋಟೆ ವಾಪಸ್ಸು ಇಸಿದುಕೊಂಡೆ. ಕೆ.ಆರ್. ಪೇಟೆ ಬಸ್ಸು ಬಂದು, ನಿಂತು, ಜನ ಹತ್ತಿಸಿಕೊಂಡು ಹೋಯಿತು.