ಟೇಪಿನ ಬಾಲದಲ್ಲಿ ಉಳಿದ ಹನ್ನೊಂದು ನಿಮಿಷ

ಕರೆಯಲೋ, ಬೇಡವೋ? ಅವಳು ಬಂದು ಕುಳಿತ ಮೇಲೆ ಪರದೆಯ ತುಂಬ ಇರುವೆ ಹರಿದಂತೆ ಬರೀ ಚುಕ್ಕೆಗಳೇ ಕಂಡರೆ? ಒಂದು ಸಲ ಇದೇ ಕಟ್ಟಡದ ಗೇಟಿನವರೆಗೆ ಬಂದು ಬರಿಗೈಯಲ್ಲಿ ವಾಪಸ್ ಹೋದವಳು. ಎರಡನೇ ಸಲವೂ ಹಾಗೇ ಆದರೆ? ಮೊದಲು ತಾನೊಬ್ಬನೇ ನೋಡಿ, ಇದ್ದರೆ ಕರೆಸಿದರಾಯಿತು. ಆದರೆ ತೋರಿಸುತ್ತೇನೆ ಎಂದು ಮಾತು ಕೊಟ್ಟವನೇ ಕದ್ದು ಮೊದಲು ನೋಡಿಬಿಡುವುದು ಯಾವ ನ್ಯಾಯ?

ಬೆಳಗಿನ ಐದೂವರೆ. ಟಿವಿ ಕೇಂದ್ರದ ನೆಲಮಾಳಿಗೆಯಲ್ಲಿ ಅರವತ್ತನಾಲ್ಕು ವರ್ಷದ ಮನುಷ್ಯರೊಬ್ಬರು ಮರದ ಪೆಟ್ಟಿಗೆಯೊಂದರ ಬಾಗಿಲಿಗೆ ಅಂಗೈ ಒತ್ತಿ ನಿಂತಿದ್ದಾರೆ. ಹಣೆಯ ಮಟ್ಟದಲ್ಲಿರುವ ಸಣ್ಣ ಕಿಟಕಿಯಿಂದ ರಸ್ತೆಯಲ್ಲಿ ಹೋಗುವವರ ಪಾದಗಳಷ್ಟೇ ಕಾಣುತ್ತವೆ. ಪೆಟ್ಟಿಗೆಯೊಳಗೆ ಪುಸ್ತಕದ ಗಾತ್ರದ ಒಂದು ಹಳೆಯ ವಿಡಿಯೊ ಟೇಪ್ ಇದೆ. ಎಂಟು ಗಂಟೆ ಕಾವು ಕೊಟ್ಟು, ಎಂಟು ಗಂಟೆ ತಣಿಯಲು ಬಿಟ್ಟದ್ದು. ಈಗ ಅದು ಪೂರ್ತಿ ತಣ್ಣಗಾಗಿದೆ. ಅವರಿಗಿನ್ನೂ ಕೈ ತೆಗೆಯಲು ಮನಸ್ಸಿಲ್ಲ.

ಆ ಪೆಟ್ಟಿಗೆ ಕೋಳಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವುದಕ್ಕೆಂದು ಯಾರೋ ಮಾಡಿಸಿದ್ದು. ಗುಜರಿ ಅಂಗಡಿಯಲ್ಲಿ ಕಂಡು, ಹೊತ್ತು ತಂದು, ಎಲೆಕ್ಟ್ರಿಷಿಯನ್ ಗೆಳೆಯನಿಂದ ಬಿಸಿ ಹೆಚ್ಚಿಸುವ ಹಾಗೆ ಮಾಡಿಸಿಕೊಂಡಿದ್ದಾರೆ. ಹಳೆಯ ಟೇಪಿನ ಮೇಲಿನ ಲೇಪ ತೇವ ಕುಡಿದು ಅಂಟಾಗಿರುತ್ತದೆ. ಹಾಗೇ ಓಡಿಸಿದರೆ ಲೇಪವೆಲ್ಲ ಕಿತ್ತುಬಂದು ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ, ಚಿತ್ರವೂ ಅದರ ಜೊತೆಗೇ ಹೋಗುತ್ತದೆ. ಹದವಾಗಿ ಕಾಯಿಸಿದರೆ ಒಂದೆರಡು ಸಲ ಓಡುವಷ್ಟು ಗಟ್ಟಿಯಾಗುತ್ತದೆ. ಮೊದಲ ಓಟದಲ್ಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಎರಡನೇ ಓಟ ಸಿಕ್ಕರೆ ಅದೃಷ್ಟ.

ಕೇಂದ್ರದಲ್ಲಿ ಎಲ್ಲರೂ ಅವರನ್ನು ಕರೆಯುವುದು 'ಕಾವು ಸಾರ್' ಎಂದೇ. ಮೆಟ್ಟಿಲ ಬಳಿ ಸಿಕ್ಕವರು "ಏನ್ ಸಾರ್, ಎಷ್ಟು ಮರಿ ಆಯ್ತು ಇವತ್ತು?" ಎಂದು ಕೇಳದೆ ಬಿಡುವುದಿಲ್ಲ. ಅವರೂ ಬಿಡುವುದಿಲ್ಲ. "ಮೂರು ಇಟ್ಟಿದ್ದೆ, ಒಂದು ಕೂಗ್ತು" ಎನ್ನುತ್ತಾರೆ.

ಮೂರು ಎಂಬುದು ಅವರ ದಿನದ ಲೆಕ್ಕ. ಪೆಟ್ಟಿಗೆಯಲ್ಲಿ ಹಿಡಿಸುವುದೇ ಮೂರು ಟೇಪು. ನೌಕರಿಯಿಂದ ನಿವೃತ್ತರಾದ ಮಾರನೇ ವಾರದಿಂದಲೇ, ಯಾರೂ ಕರೆಯದೆ, ಅವರು ಈ ಕೆಲಸಕ್ಕೆ ಬರುತ್ತಿದ್ದಾರೆ. ಐದು ವರ್ಷವಾಯಿತು. ನಾಲ್ಕು ಸಾವಿರ ಟೇಪುಗಳಲ್ಲಿ ಮೂರು ಸಾವಿರದ ಆರುನೂರು ಮುಗಿದಿವೆ. ಬೂಸ್ಟಿನ ದೂಳಿಗೆ ಕೆಮ್ಮು ಹತ್ತಿಕೊಂಡಿದೆ. ಟೇಪು ಓಡಿಸುವ ಯಂತ್ರ ಎರಡು ಸಲ ಕೈಕೊಟ್ಟಿದೆ. ಅದರ ಬಿಡಿಭಾಗ ಈಗ ಎಲ್ಲೂ ತಯಾರಾಗುವುದಿಲ್ಲ. ಕೆಟ್ಟ ಮೂರು ಯಂತ್ರಗಳ ಹೊಟ್ಟೆ ಬಗೆದು ಒಂದನ್ನು ಬದುಕಿಸಿಕೊಂಡಿದ್ದಾರೆ.

ಅವರು ಹುಡುಕುವುದು ಬಾಲಗಳನ್ನು. ಅದನ್ನು ಅವರ ಮಾತಿನಲ್ಲೇ ಕೇಳಬೇಕು.

"ಆಗ ಟೇಪು ಅಂದ್ರೆ ಬಂಗಾರ. ಒಂದು ಕಾರ್ಯಕ್ರಮ ಪ್ರಸಾರ ಆಯ್ತಾ, ಎರಡು ತಿಂಗಳು ಬಿಟ್ಟು ಅದರ ಮೇಲೇ ಇನ್ನೊಂದು ಬರೆಯೋದು. ಸ್ಲೇಟು ಇದ್ದ ಹಾಗೆ. ಮುಕ್ಕಾಲು ಗಂಟೆಯ ನಾಟಕದ ಮೇಲೆ ಅರ್ಧ ಗಂಟೆಯ ಆಟ ಬರೆದ್ರೆ, ಕೊನೆಯ ಕಾಲು ಗಂಟೆ ನಾಟಕ ಹಾಗೇ ಉಳೀಬೇಕಲ್ಲ? ಅದು ಬಾಲ. ಯಾರೂ ಅಲ್ಲಿವರೆಗೆ ನೋಡಲ್ಲ. ಆಟ ಮುಗೀತು ಅಂತ ಎದ್ದು ಹೋಗ್ತಾರೆ."

ಆದರೆ ಎಲ್ಲ ಟೇಪಿಗೂ ಬಾಲ ಇರುವುದಿಲ್ಲ. ಹೊಸದನ್ನು ಬರೆಯುವ ಮೊದಲು ಟೇಪನ್ನು ದೊಡ್ಡ ಅಯಸ್ಕಾಂತದ ಯಂತ್ರದ ಮೇಲಿಟ್ಟು ಪೂರ್ತಿ ಅಳಿಸಬೇಕೆಂಬುದು ಆಗಿನ ನಿಯಮ. ಅಳಿಸುವುದಕ್ಕೆಂದೇ ಬೇರೆ ಹುದ್ದೆ ಇತ್ತು. ಆ ಕೆಲಸಕ್ಕೆ ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಸೇರಿದವರು ಇವರೇ.

"ಹೌದು, ನಾನೇ. ಮಕ್ಕಳ ಗೊಂಬೆಯಾಟ, ರಸಪ್ರಶ್ನೆ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಮೋಡ ಬರೆದು ಹವಾಮಾನ ಹೇಳ್ತಿದ್ದ ಒಬ್ಬ ಮೇಷ್ಟ್ರು, ಎಲ್ಲರನ್ನೂ ನಾನೇ ಅಳಿಸಿದ್ದು. ಇಪ್ಪತ್ತು ಟೇಪಿಗೆ ಆ ಯಂತ್ರ ಕೆಂಡ ಆಗೋದು. ಅರ್ಧ ಗಂಟೆ ಬಿಡಬೇಕು. ಸುದ್ದಿಯವರು ಕಾಯ್ತಾರಾ? 'ಕೊಡಯ್ಯಾ ಇತ್ಲಾಗೆ' ಅಂತ ಕಿತ್ಕೊಂಡು ಓಡೋರು. ಹಾಗೆ ಅಳಿಸದೇ ಹೋದ ಟೇಪಿಗೆ ನನಗೆ ಮೆಮೊ ಬರೋದು. ಒಟ್ಟು ಹದಿನೇಳು ಮೆಮೊ. ಈಗ ನೋಡಿ, ನಾನು ಸರಿಯಾಗಿ ಮಾಡಿದ ಕೆಲಸದಲ್ಲಿ ಏನೂ ಉಳಿದಿಲ್ಲ. ಉಳಿದಿರೋದೆಲ್ಲ ಮೆಮೊ ತಗೊಂಡಿದ್ದರಲ್ಲೇ."

ಹೀಗೆ ಸಿಕ್ಕ ಬಾಲಗಳು ಇನ್ನೂರ ಹದಿನಾಲ್ಕು. ಮೇಷ್ಟ್ರ ಮೋಡಗಳು ನಾಲ್ಕು ನಿಮಿಷ ಸಿಕ್ಕಿವೆ. ಗೊಂಬೆಯಾಟದ ನರಿ ಬಾವಿಗೆ ಬೀಳುವ ಭಾಗ ಸಿಕ್ಕಿದೆ. ಅದು ಹೇಗೆ ಮೇಲೆ ಬಂತು ಎಂಬುದು ಸಿಕ್ಕಿಲ್ಲ. ಸಿಗದೇ ಇದ್ದದ್ದು ಒಂದು ಧಾರಾವಾಹಿಯ ಕೊನೆಯ ಕಂತು.

ಮೂವತ್ತೈದು ವರ್ಷದ ಹಿಂದೆ ಹದಿಮೂರು ವಾರ ಪ್ರಸಾರವಾಗಿ, ಆಮೇಲೆ ಎಲ್ಲರೂ ಮರೆತುಬಿಟ್ಟ ಧಾರಾವಾಹಿ ಅದು. ಹೆಸರು 'ನಡುವಿನ ಕದ'. ಅಕ್ಕಪಕ್ಕದ ಎರಡು ಬಾಡಿಗೆ ಕೋಣೆಗಳಲ್ಲಿ ಮಾತು ಬಿಟ್ಟ ಅಕ್ಕತಂಗಿ. ನಡುವೆ ಚಿಲಕ ಹಾಕಿದ ಒಂದು ಕದ. ಅದನ್ನು ಮೊದಲು ತೆಗೆಯುವವರು ಯಾರು? ಅಷ್ಟೇ ಕಥೆ. ಕಾವು ಸಾರ್ ಅವರ ಹೆಂಡತಿ ಆಗ ತುಂಬು ಬಸುರಿ. ವಠಾರದ ಒಂದೇ ಟಿವಿಯ ಮುಂದೆ ಗೋಡೆಗೆ ಒರಗಿ ಕುಳಿತು ಹನ್ನೆರಡು ಕಂತು ನೋಡಿದರು. ಹದಿಮೂರನೆಯದು ಶುರುವಾಗುವ ಹೊತ್ತಿಗೆ ಹೆರಿಗೆ ನೋವು.

"ನಾನು ಹುಟ್ಟಿದ್ದಕ್ಕೆ ಅಮ್ಮನಿಗೆ ಕೊನೆಯ ಕಂತು ತಪ್ಪಿತು. ಮಾರ್ಕ್ಸ್ ಕಡಿಮೆ ಬಂದಾಗೆಲ್ಲ ಅದೇ ಬೈಗುಳ. 'ಒಂದು ಗಂಟೆ ತಡೆಯೋಕೆ ಆಗ್ಲಿಲ್ಲ ನಿನಗೆ' ಅಂತ" ಎಂದು ಮಗಳು ನಗುತ್ತಾರೆ. ಈಗ ಅವರು ತಾವು ಹುಟ್ಟಿದ ಆಸ್ಪತ್ರೆಯಲ್ಲೇ ನರ್ಸ್.

ಆಸ್ಪತ್ರೆಯ ಮಂಚದ ಪಕ್ಕ ನಿಂತು ಹೊಸ ಅಪ್ಪ ಹೇಳಿದ್ದು ಒಂದೇ ಮಾತು: "ಟೇಪು ನನ್ನ ಕೈಯಲ್ಲೇ ಇದೆ. ನಿನಗೆ ತೋರಿಸ್ತೀನಿ." ಅಧಿಕಾರಿಗಳನ್ನು ಕೇಳಲು ಸಂಕೋಚ. ಇವತ್ತು ನಾಳೆ ಎಂದು ಎರಡು ತಿಂಗಳು ಕಳೆಯಿತು. ಹೆಂಡತಿಯೇ ಒಂದು ದಿನ ಒಳ್ಳೆಯ ಸೀರೆ ಉಟ್ಟು, ಕೂಸನ್ನು ಎತ್ತಿಕೊಂಡು, ಎರಡು ಬಸ್ ಬದಲಾಯಿಸಿ ಗೇಟಿಗೆ ಬಂದರು. ಹಿಂದಿನ ವಾರವಷ್ಟೇ ಆ ಟೇಪು ಫುಟ್‌ಬಾಲ್ ಪಂದ್ಯಕ್ಕೆ ಹೋಗಿತ್ತು. ಟೇಪು ಕೊಟ್ಟ ರಿಜಿಸ್ಟರಿನಲ್ಲಿ ಸಹಿ ಕಾವು ಸಾರ್ ಅವರದೇ.

"ಇಲ್ಲ ಅಂದೆ. ಅವಳು 'ಹೋಗ್ಲಿ ಬಿಡಿ' ಅಂದು ಹೊರಟುಹೋದಳು. ಬಿಸಿಲು ಬಹಳ ಇತ್ತು. ಕೂಸಿಗೆ ಸೆರಗು ಹೊದಿಸಿದ್ದಳು." ಇದನ್ನು ಹೇಳುವಾಗ ಕಾವು ಸಾರ್ ಒಂದು ಟೇಪಿನ ದೂಳು ಒರೆಸುತ್ತಿರುತ್ತಾರೆ. ಆ ಟೇಪನ್ನು ಆಗಲೇ ಒರೆಸಿಟ್ಟಾಗಿತ್ತು.

ಈಗ ನೆಲಮಾಳಿಗೆ ಖಾಲಿ ಮಾಡಬೇಕು. ಇದೇ ತಿಂಗಳು ಕೇಂದ್ರಕ್ಕೆ ಹೊಸ ಯಂತ್ರಗಳು ಬರುತ್ತವೆ, ಜಾಗ ಬೇಕು. ಬಾಲ ತೆಗೆದವು, ತೆಗೆಯದವು ಎಂಬ ಭೇದವಿಲ್ಲದೆ ನಾಲ್ಕು ಸಾವಿರ ಟೇಪುಗಳನ್ನೂ ಗುಜರಿಯವರು ಒಯ್ಯುತ್ತಾರೆ. ಲಾರಿ ಬರುವುದು ಇವತ್ತೇ, ಮಧ್ಯಾಹ್ನ. ಉಳಿದ ನಾನೂರನ್ನು ಕಾಯಿಸುತ್ತ ಕೂತರೆ ಆಗದೆಂದು ಕಾವು ಸಾರ್ ಎರಡು ವಾರದಿಂದ ಬೇರೆ ದಾರಿ ಹಿಡಿದಿದ್ದರು. ಹಿಂದೆಲ್ಲ ಟೇಪನ್ನು ಮತ್ತೆ ಬಳಸುವಾಗ ಹೊಸ ಚೀಟಿಯನ್ನು ಹಳೆಯ ಚೀಟಿಯ ಮೇಲೇ ಅಂಟಿಸುತ್ತಿದ್ದರು. ಕೆಟಲಿನ ಹಬೆಗೆ ಹಿಡಿದು ಒಂದೊಂದೇ ಪದರ ಬಿಡಿಸುವುದು. ನಿನ್ನೆ ಬೆಳಿಗ್ಗೆ ಒಂದು ಟೇಪಿನಲ್ಲಿ ಮದುವೆ ಉಡುಪಿನ ಪ್ರದರ್ಶನದ ಕೆಳಗೆ ಚುನಾವಣೆ, ಅದರ ಕೆಳಗೆ ಫುಟ್‌ಬಾಲ್, ಅದರ ಕೆಳಗೆ ತಮ್ಮದೇ ಎಳೆಯ ಕೈಬರಹದಲ್ಲಿ 'ನಡುವಿನ ಕದ, ೧೩' ಕಂಡಿತು. ಮೇಲೆ ಬರೆದ ಮೂರರಲ್ಲಿ ಉದ್ದವಾದದ್ದು ಮೂವತ್ತನಾಲ್ಕು ನಿಮಿಷ. ಧಾರಾವಾಹಿಯ ಕಂತು ನಲವತ್ತೈದು. ಹನ್ನೊಂದು ನಿಮಿಷದ ಬಾಲ ಇರಬೇಕು. ಮೂರು ಸಲದಲ್ಲಿ ಒಂದೇ ಸಲ ಅಯಸ್ಕಾಂತದ ಮೇಲೆ ಹೋಗಿದ್ದರೂ ಏನೂ ಇರುವುದಿಲ್ಲ.

ಆರೂ ಕಾಲಿಗೆ ಅವರು ಪೆಟ್ಟಿಗೆಯ ಮೇಲಿಂದ ಕೈ ತೆಗೆದು ಫೋನು ಎತ್ತಿಕೊಳ್ಳುತ್ತಾರೆ.

"ಇವಳೇ, ಎದ್ದಿದ್ದೀಯಾ? ಮಗಳ ಜೊತೆ ಇಲ್ಲಿಗೆ ಬಂದುಬಿಡು. ಇರಬಹುದು, ಇಲ್ಲದೇನೂ ಇರಬಹುದು. ಅಷ್ಟೇ ಗೊತ್ತು ನನಗೆ."

ಎಂಟು ಗಂಟೆಗೆ ಹೆಂಡತಿ ಮೆಟ್ಟಿಲಿಳಿದು ಬರುತ್ತಾರೆ. ಬಾಯಿತುಂಬ ಮಾತಿನವರು. "ಇವರ ಮಾತು ಅಂದ್ರೆ ಟೇಪಿನ ಮೇಲೆ ಬರೆದ ಹಾಗೆ ಕಣಮ್ಮಾ, ಯಾವಾಗ ಅಳಿಸಿಹೋಗತ್ತೋ" ಎಂದು ಗಂಡನಿಗೂ ಕೇಳುವಂತೆ ಮಗಳಿಗೆ ಹೇಳಿ, ಇದ್ದ ಒಂದೇ ಕುರ್ಚಿಯಲ್ಲಿ ಕೂರುತ್ತಾರೆ. ಸುದ್ದಿ ತಿಳಿದು ಮೇಲಿನ ಮಹಡಿಯ ಏಳೆಂಟು ಮಂದಿಯೂ ಬಾಗಿಲಲ್ಲಿ ಗುಂಪುಗೂಡಿದ್ದಾರೆ. ಅವರ ಹಿಂದೆ ಕೇಂದ್ರದ ಮ್ಯಾನೇಜರ್ ಮೇಡಂ, ಕೈಯಲ್ಲಿ ಲಾರಿಯವರಿಗೆ ಕೊಡಬೇಕಾದ ಪತ್ರ.

ಟೇಪು ಓಡುತ್ತದೆ. ಮದುವೆ ಉಡುಪಿನ ಹುಡುಗಿಯರು ನಡೆದು ಹೋಗುತ್ತಾರೆ. ಅವರು ಮುಗಿದಲ್ಲಿ ಮತಪೆಟ್ಟಿಗೆಯ ಮುಂದಿನ ಸಾಲು, ಅದೂ ಮುಗಿದಲ್ಲಿ ಫುಟ್‌ಬಾಲ್. ಎರಡು ಸಲ ಅಳಿಸದೇ ಹೋಗಿದೆ ಎಂದಾಯಿತು. ಮೂರನೆಯದು ಬಾಕಿ. ಕಾವು ಸಾರ್ ಯಂತ್ರಕ್ಕೆ ಕಿವಿ ಕೊಟ್ಟು ನಿಂತಿದ್ದಾರೆ. ಲೇಪ ಕೀಳತೊಡಗಿದರೆ ಕಿರುಗುಟ್ಟುವ ಸದ್ದು ಬರುತ್ತದೆ. ಸದ್ದಿಲ್ಲ. ಮೂವತ್ತನಾಲ್ಕನೇ ನಿಮಿಷ. ಆಟಗಾರರು ಕೈ ಕುಲುಕುತ್ತಾರೆ. ಪರದೆಯ ಮೇಲೆ ಇರುವೆಗಳು. ಒಂದು ಸೆಕೆಂಡು, ಎರಡು, ಮೂರು. ಬಾಗಿಲಲ್ಲಿ ಯಾರೋ "ಛೆ" ಎನ್ನುತ್ತಾರೆ.

ನಾಲ್ಕನೇ ಸೆಕೆಂಡಿಗೆ ಚಿತ್ರ ಒಮ್ಮೆ ಸೊಟ್ಟಗಾಗಿ ನೆಟ್ಟಗಾಗುತ್ತದೆ. ಒಂದು ಕೋಣೆ. ಒಲೆಯ ಮುಂದೆ ತಂಗಿ.

"ಅಯ್ಯೋ, ಅವಳೇ!" ಎಂದು ಹೆಂಡತಿ ಕೂಗಿಕೊಂಡಾಗ ಬಾಗಿಲಲ್ಲಿದ್ದವರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟುತ್ತಾರೆ. "ಶ್! ಕೇಳಿಸ್ಬೇಡ್ವಾ ನನಗೆ? ಮೂವತ್ತೈದು ವರ್ಷ ಕಾದಿದೀನಿ, ಹನ್ನೊಂದು ನಿಮಿಷ ಸುಮ್ನಿರಿ" ಎಂದು ಅವರು ಗದರುತ್ತಾರೆ. ಟಿವಿ ಕೇಂದ್ರವಿಡೀ ಸುಮ್ಮನಾಗುತ್ತದೆ.

ಕೊನೆಯ ನಿಮಿಷದಲ್ಲಿ ಕದ ತೆರೆಯುತ್ತದೆ. ತೆಗೆದವಳು ಅಕ್ಕ. ಹೊಸ್ತಿಲಲ್ಲಿ ನಿಂತು, ಮುಖ ನೋಡದೆ, "ಸ್ವಲ್ಪ ಉಪ್ಪು ಇದ್ಯಾ?" ಎನ್ನುತ್ತಾಳೆ. ತಂಗಿ ಡಬ್ಬಿಯನ್ನೇ ಎತ್ತಿ ಕೊಡುತ್ತಾಳೆ. ಹೆಸರುಗಳು ಮೇಲೇರತೊಡಗುತ್ತವೆ.

"ಇಷ್ಟೇನಾ!" ಹೆಂಡತಿ ಕಣ್ಣು ಒರೆಸಿಕೊಳ್ಳುತ್ತ ಗಟ್ಟಿಯಾಗಿ ನಗುತ್ತಾರೆ. "ರೀ, ಉಪ್ಪಿಗೋಸ್ಕರ ಇಷ್ಟು ವರ್ಷ ಕಾಯಿಸಿದ್ರಾ? ನಾನು ಅಕ್ಕನೇ ತೆಗೀತಾಳೆ ಅಂತ ಅವತ್ತೇ ಹೇಳಿದ್ದೆ. ಪಕ್ಕದ ಮನೆಯವಳು ತಂಗಿ ಅಂತ ವಾದ ಮಾಡಿದ್ಳು. ಈಗ ಅವಳಿಗೆ ಫೋನ್ ಮಾಡ್ಬೇಕು, ನಂಬರ್ ಕೊಡೇ!"

ಮ್ಯಾನೇಜರ್ ಮೇಡಂ ಕೈಯಲ್ಲಿದ್ದ ಪತ್ರವನ್ನು ನಾಲ್ಕು ಮಡಿಕೆ ಮಾಡುತ್ತಾರೆ. "ಹೊಸ ಯಂತ್ರ ಮೇಲಿನ ಮೀಟಿಂಗ್ ಹಾಲಿನಲ್ಲಿ ಇಟ್ಟರಾಯ್ತು. ನಾವು ನಿಂತುಕೊಂಡೇ ಮೀಟಿಂಗ್ ಮಾಡೋಣ, ಬೇಗ ಮುಗಿಯತ್ತೆ" ಎನ್ನುತ್ತಾರೆ. ಮಧ್ಯಾಹ್ನ ಬಂದ ಲಾರಿ ಒಂದು ಟೇಪನ್ನೂ ಹೇರಿಕೊಳ್ಳದೆ ವಾಪಸ್ ಹೋಗುತ್ತದೆ. ಉಳಿದ ನಾನೂರನ್ನು ಮುಗಿಸಲು ಕಾವು ಸಾರ್ ಅವರಿಗೆ ಇಬ್ಬರು ಸಹಾಯಕರು, ಇನ್ನೊಂದು ಪೆಟ್ಟಿಗೆ. ನಾಳೆ ಭಾನುವಾರ ಸಂಜೆ ಆ ಹನ್ನೊಂದು ನಿಮಿಷ ಮತ್ತೆ ಪ್ರಸಾರವಾಗಲಿದೆ, ಮೇಷ್ಟ್ರ ಮೋಡಗಳೊಂದಿಗೆ, ಬಾವಿಗೆ ಬಿದ್ದ ನರಿಯೊಂದಿಗೆ.

"ಆ ನರಿ ಮೇಲೆ ಬಂದದ್ದು ಎಲ್ಲೋ ಇದೆ" ಎನ್ನುತ್ತಾರೆ ಕಾವು ಸಾರ್. "ನಾನೂರರಲ್ಲಿ ಇರಲೇಬೇಕು. ಅದೊಂದು ಸಿಕ್ಕಿಬಿಟ್ರೆ ಸಾಕು ನನಗೆ."

ಸಂಜೆ ಮೂವರೂ ಮೆಟ್ಟಿಲು ಹತ್ತಿ ಗೇಟಿನ ಕಡೆ ನಡೆಯುತ್ತಾರೆ. ಹೆಂಡತಿ ಮುಂದೆ, ಫೋನಿನಲ್ಲಿ, ಹಳೆಯ ನೆರೆಯವರಿಗೆ ತಮ್ಮ ಗೆಲುವನ್ನು ಮೂರನೇ ಸಲ ವಿವರಿಸುತ್ತ. ಕಾವು ಸಾರ್ ಎರಡು ಹೆಜ್ಜೆ ಹಿಂದೆ, ಆಕೆಯ ಕೈಚೀಲ ಹಿಡಿದು. ಗೇಟಿನಲ್ಲಿ ಆಕೆ ಮಾತು ನಿಲ್ಲಿಸಿ ತಿರುಗಿ ನೋಡುತ್ತಾರೆ. ಅವರೂ ನಿಲ್ಲುತ್ತಾರೆ. "ಬಸ್ ಬಂತು, ಬೇಗ ಬನ್ನಿ" ಎನ್ನುತ್ತಾರೆ ಆಕೆ.

ಅಂದು ಇದೇ ಗೇಟಿನಿಂದ ಆಕೆಯನ್ನು ಬರಿಗೈಯಲ್ಲಿ ಕಳಿಸಿದ್ದಕ್ಕೆ 'ತಪ್ಪಾಯ್ತು' ಎಂದು ಕಾವು ಸಾರ್ ಇವತ್ತಿನವರೆಗೂ ಹೇಳಿಲ್ಲ.