ಪುಸ್ತಕದಾಗಿನ ಸೊಸಿಗೆ ಅತ್ತಾಕಿ

ಮೊನ್ನೆ ಪಕ್ಕದ ಮನಿಯವರು ಹೊಸ ಹುಣಸಿಹಣ್ಣು ತಂದು ಅಂಗಳದಲ್ಲಿ ಹರವಿದರು. ಬಿಸಿಲಿಗೆ ಅದರ ಹುಳಿ ವಾಸನಿ ಎದ್ದು ನಮ್ಮ ಬಾಗಿಲೊಳಗೆ ಬಂತು. ಬಾಯಲ್ಲಿ ನೀರು ಬರಬೇಕಿತ್ತು, ಬರಲಿಲ್ಲ. ಅಕ್ಕೋರ ದನಿ ನೆನಪಾಯಿತು. ಹಣ್ಣು ಕುಟ್ಟುವ ಸಪ್ಪಳದ ನಡುವೆ ಕತಿ ಓದುವ ದನಿ…

ಅಕ್ಕೋರು ಅಂದರೆ ಸಾಲಿಯಲ್ಲಿ ಕಲಿಸಿದವರಲ್ಲ. ಅವರ ಗಂಡ ಮಾಸ್ತರ ಆಗಿದ್ದರು, ಬೇಗ ತೀರಿಕೊಂಡರು. ಮಾಸ್ತರ ಹೆಂಡತಿ ಅಂತ ನಾವು ಅಕ್ಕೋರು ಅಂದೆವು, ಹೆಸರೇ ಅದಾಯಿತು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಅವರ ಮನಿಯ ಪಡಸಾಲಿ ದೊಡ್ಡದು. ಬ್ಯಾಸಿಗಿ ಬಂತೆಂದರೆ ವ್ಯಾಪಾರದವರು ಕೂಡ್ಲಿಗಿ ಕಡೆಯ ಹುಣಸಿಹಣ್ಣಿನ ಚೀಲ ಅಲ್ಲಿ ಇಳಿಸಿ ಹೋಗುತ್ತಿದ್ದರು. ಓಣಿಯ ಹೆಂಗಸರು ಕೂತು ಸಿಪ್ಪಿ ಒಡೆದು, ನಾರು ಎಳೆದು, ಬೀಜ ಬಿಡಿಸುತ್ತಿದ್ದೆವು. ಅಕ್ಕೋರ ಕೈ ಹುಳಿಗೆ ಒಡೆಯುತ್ತಿತ್ತು, ಅದಕ್ಕೆ ಅವರು ಹಣ್ಣು ಮುಟ್ಟುತ್ತಿರಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು, ಲೈಬ್ರರಿಯಿಂದ ತಂದ ಕಾದಂಬರಿ ಓದಿ ಹೇಳುತ್ತಿದ್ದರು. ನನಗೆ ಆಗ ನನ್ನ ಹೆಸರು ಬರೆಯುವುದೂ ಬರುತ್ತಿರಲಿಲ್ಲ. ಈಗ ಬರೆಯುವ ಈ ಸೊಟ್ಟ ಅಕ್ಷರ ಆಮೇಲೆ ಅವರೇ ಕಲಿಸಿದ್ದು.

ಸುಮ್ಮನೆ ಓದಿಕೊಂಡು ಹೋಗುತ್ತಿರಲಿಲ್ಲ. ಕತಿ ಬಿಸಿಯಾದಾಗ ಪುಸ್ತಕ ತೊಡಿ ಮೇಲೆ ಬೋರಲು ಹಾಕಿ ಕೇಳುತ್ತಿದ್ದರು.

"ಈಗ ಆಕಿ ಜಾಗದಾಗ ನೀವಿದ್ರ ಏನು ಮಾಡ್ತಿದ್ರಿ?"

ಒಬ್ಬಾಕಿ, ಆ ಮನಿಗೆ ಹೊಲ ಎಷ್ಟೈತಿ ಅಂತ ಮೊದಲು ಕೇಳುತ್ತಿದ್ದಳು. ಇನ್ನೊಬ್ಬಾಕಿ, ಕತಿಯಲ್ಲಿ ಕೆಟ್ಟವನು ಬಂದ ಕೂಡಲೆ ತನ್ನ ಮೈದುನನ ಹೆಸರು ಹಿಡಿದು ಬೈಯುತ್ತಿದ್ದಳು. ನಾವು ನಗುತ್ತಿದ್ದೆವು. ಅಕ್ಕೋರು ನಗುತ್ತಿರಲಿಲ್ಲ, ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಯಾಕೆ ನೋಡುತ್ತಾರೆ ಅಂತ ನನಗೆ ತಿಳಿದದ್ದು ತಡವಾಗಿ.

ಅವರ ಹತ್ತಿರ, ಸತ್ತ ತಂಗಿಯ ಮಗಳೊಬ್ಬಳು ಬೆಳೆದಿದ್ದಳು. ಮದುವಿ ವಯಸ್ಸು. ಅಕ್ಕೋರಿಗೆ ಇದ್ದದ್ದು ಅದೊಂದೇ ಚಿಂತಿ, ತಾಯಿಯಿಲ್ಲದ ಹುಡುಗಿಗೆ ಒಳ್ಳೆ ಅತ್ತಿ ಸಿಗಬೇಕು. ಗಂಡ ಹೊರಗೆ ಹೋಗುತ್ತಾನೆ, ಹಗಲೆಲ್ಲ ಜೊತಿಗಿರುವಾಕಿ ಅತ್ತಿ ಅನ್ನುತ್ತಿದ್ದರು. ನಾವು ಅವರ ಮಂದಿಯೇ. ನನ್ನ ಎರಡನೇ ಮಗ ಹಗರಿಬೊಮ್ಮನಹಳ್ಳಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಆ ಹುಡುಗಿ ಮೇಲೆ ನನಗೆ ಮನಸ್ಸಿತ್ತು. ಹಿಂದಿನ ಓಣಿಯ ಕಿರಾಣಿ ಅಂಗಡಿಯಾಕಿಗೂ ಇತ್ತು. ಆಕಿಯೂ ನಮ್ಮ ಮಂದಿಯೇ. ಕೂಲಿಗೆ ಬರುವಾಕಿಯಲ್ಲ, ಕತಿ ಕೇಳಲು ಬಂದು ಕೂಡುತ್ತಿದ್ದಳು.

ಆ ಬ್ಯಾಸಿಗಿಯಲ್ಲಿ ಓದಿದ್ದು ಒಬ್ಬ ಸೊಸಿಯ ಕತಿ. ದೊಡ್ಡ ಮನಿ, ಕೆಟ್ಟ ಅತ್ತಿ. ಸೊಸಿ ಎಲ್ಲರಿಗೂ ನೀಡಿ ತಾನು ಉಣ್ಣಲು ಕೂತರೆ ರೊಟ್ಟಿ ಬುಟ್ಟಿ ಖಾಲಿ. ನೀರು ಕುಡಿದು ಮಲಗುತ್ತಾಳೆ, ಬಾಯಿ ಬಿಡುವುದಿಲ್ಲ. ಅಂಗಡಿಯಾಕಿ ಸೆರಗು ಕಣ್ಣಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಉಳಿದವರೂ ಮೂಗು ಒರೆಸಿಕೊಂಡರು. ನಾನೊಬ್ಬಳೇ ಬೀಜ ಬಿಡಿಸುತ್ತಾ ಇದ್ದೆ.

"ನೀ ಯಾಕ ಸುಮ್ನದಿ?" ಅಂದರು ಅಕ್ಕೋರು.

"ರೊಟ್ಟಿ ಬಡಿಯಾಕಿ ಆಕಿನ ಅಲ್ಲೇನ್ರಿ? ಬಡಿಯೋ ಹೊತ್ನ್ಯಾಗ ಎರಡು ತಿಂದು ಬಿಡಬೇಕು. ಹಸ್ಕೊಂಡು ಮಲಗು ಅಂತ ಯಾರು ಹೇಳಿದ್ರು ಆಕಿಗೆ?"

ಅಳುತ್ತಿದ್ದವರೂ ನಕ್ಕುಬಿಟ್ಟರು. ಅಂಗಡಿಯಾಕಿ ಮಾತ್ರ, "ಕಲ್ಲು ನೋಡವ್ವ ನೀನು" ಅಂದಳು. ಅಕ್ಕೋರು ನನ್ನನ್ನು ನೋಡಿದರು. ಆ ನೋಟ ನನಗೆ ಈಗಲೂ…

ಮುಂದಿನ ವಾರ ಹುಡುಗಿಯನ್ನು ಕೇಳಲು ಹೋದೆ. ಅಕ್ಕೋರು ಚಾ ಕೊಟ್ಟರು, ಹುಡುಗಿಯನ್ನು ಕೊಡಲಿಲ್ಲ.

"ಸಿಟ್ಟಾಗಬ್ಯಾಡ. ಪುಸ್ತಕದಾಗಿನ ಸೊಸಿಗೆ ಕಣ್ಣೀರು ಬರದಾಕಿಗೆ ಮನ್ಯಾಗಿನ ಸೊಸಿಗೆ ಬರ್ತಾವೇನು?"

"ನನ್ನ ಕಣ್ಣೀರು ತಗೊಂಡು ಆಕಿ ಏನ್ ಮಾಡ್ತಾಳ್ರಿ?" ಅಂದು ಚಾ ಪೂರ್ತಿ ಕುಡಿದು ಬಂದೆ.

ಹುಡುಗಿಯನ್ನು ಅಂಗಡಿಯಾಕಿಯ ಮನಿಗೆ ಕೊಟ್ಟರು. ಮದುವಿಯಲ್ಲಿ ಹೋಳಿಗಿ ನಾನೇ ಬೇಯಿಸಿದೆ. ಆ ವರ್ಷವೇ ಅವರು ಅಂಗಡಿ ಹರಪನಹಳ್ಳಿಗೆ ಒಯ್ದರು, ಬಸ್ ಸ್ಟ್ಯಾಂಡ್ ಹತ್ತಿರ ವ್ಯಾಪಾರ ಚಲೋ ಅಂತ.

ಮುಂದಿನ ಮಳಿಗಾಲದಲ್ಲಿ ನಾನು ಕಣ್ಣು ತೋರಿಸಲು ಹರಪನಹಳ್ಳಿಗೆ ಹೋದೆ. ಬಸ್ಸಿಗೆ ಇನ್ನೂ ಹೊತ್ತಿತ್ತು, ಅವರ ಮನಿ ಕಡೆ ನಡೆದೆ. ಮಧ್ಯಾಹ್ನದ ಉಣ್ಣುವ ಹೊತ್ತು ಮೀರಿತ್ತು. ಅಂಗಡಿಯಾಕಿ ಟೀವಿ ಮುಂದೆ ಕೂತಿದ್ದಳು. ಟೀವಿಯಲ್ಲಿ ಯಾರೋ ಒಬ್ಬ ಸೊಸಿಯನ್ನು ಮನಿಯಿಂದ ಹೊರಗೆ ದೂಡುತ್ತಿದ್ದರು. ಈಕಿಯ ಕಣ್ಣಲ್ಲಿ ನೀರು.

"ಬಾರವ್ವ, ಕೂಡು. ನೋಡು ಪಾಪ, ಆ ಹುಡುಗಿಗೆ ಎಷ್ಟು ಹಿಂಸಿ ಕೊಡ್ತಾರ" ಅಂದಳು.

ಹುಡುಗಿ ಅಡಿಗಿಮನಿ ಬಾಗಿಲಲ್ಲಿ ನಿಂತಿದ್ದಳು. ಬಸುರಿ. ಹೊಟ್ಟಿಯೊಂದು ಬಿಟ್ಟರೆ ಮೈಯೆಲ್ಲ ಇಳಿದಿತ್ತು.

"ಉಂಡೇನವ್ವಾ?" ಅಂದೆ.

"ಇನ್ನಾ ಇಲ್ಲ ದೊಡ್ಡವ್ವ. ಅತ್ತಿಯವರದು ಧಾರಾವಾಹಿ ಮುಗೀಬೇಕು. ಅವರು ಉಂಡ ಮ್ಯಾಲೆ ಉಳಿದಿದ್ದು…"

ನಾನು ಒಳಗೆ ಹೋದೆ. ಬುಟ್ಟಿಯಿಂದ ರೊಟ್ಟಿ ತೆಗೆದು ಪಲ್ಯ ಹಾಕಿ ಹುಡುಗಿಯನ್ನು ಕೂಡ್ರಿಸಿದೆ. ಬಾಗಿಲಲ್ಲಿ ನಾನೇ ನಿಂತೆ.

"ಅಯ್ಯ, ಆಕಿ ಆಮ್ಯಾಲೆ ಉಣ್ತಾಳ, ನೀ ಬಾ" ಅಂದಳು ಅಂಗಡಿಯಾಕಿ, ಟೀವಿಯಿಂದ ಕಣ್ಣು ತೆಗೆಯದೆ.

"ಆಮ್ಯಾಲೆ ಏನಾಕ್ಕೈತಿ ನನಗ ಗೊತ್ತೈತಿ ಬಿಡು. ಪುಸ್ತಕದಾಗ ಕೇಳೀವಿ."

ಊರಿಗೆ ಬಂದು ನೆಟ್ಟಗೆ ಅಕ್ಕೋರ ಮನಿಗೆ ಹೋಗಿ ಹೇಳಿದೆ. ಅವರು ನಂಬಲಿಲ್ಲ.

"ಹುಡುಗಿ ಕೊಡಲಿಲ್ಲ ಅಂತ ಹೊಟ್ಟಿಯಾಗ ಇಟ್ಟುಕೊಂಡಿ ನೀನು. ಆಕಿ ಅತ್ತಿದ್ದು ನಾ ಕಣ್ಣಾರೆ ನೋಡೀನಿ."

"ಅತ್ತಿದ್ದು ಸುಳ್ಳಲ್ರಿ ಅಕ್ಕೋರೆ, ಖರೇನ ಅತ್ತಾಳ. ಇವತ್ತೂ ಅಳಾಕತ್ತಿದ್ಲು. ಟೀವಿಯಾಗಿನ ಸೊಸಿ ರೊಟ್ಟಿ ಕೇಳಂಗಿಲ್ಲ. ಮನ್ಯಾಗಿನಾಕಿ ಕೇಳ್ತಾಳ."

ಅಕ್ಕೋರು ಮರುದಿನ ಮೊದಲ ಬಸ್ಸಿಗೆ ಹೋದರು, ಬಾಣಂತನಕ್ಕೆ ಅಂತ ಹೇಳಿ ಹುಡುಗಿಯನ್ನು ಕರೆದುಕೊಂಡೇ ಬಂದರು. ಕೂಸು ಆದ ಮೇಲೆ ಅಳಿಯ ಕರೆಯಲು ಬಂದಾಗ, ಬ್ಯಾರೆ ಮನಿ ಮಾಡಿದರೆ ಕಳಿಸುತ್ತೇನೆ ಅಂದರು. ಅವನು ತಾಯಿಯನ್ನು ಬಿಡಲಾರೆ ಅಂದ. ಹೋದವನು ತಿರುಗಿ ಬರಲಿಲ್ಲ. ಹುಡುಗಿ ಅಂಗನವಾಡಿ ಕೆಲಸ ಹಿಡಿದು ಹಡಗಲಿಗೆ ಹೋದಳು. ಕೂಸನ್ನು ನೋಡಿಕೊಳ್ಳಲು ಅಕ್ಕೋರೂ ಹೋಗಬೇಕಾಯಿತು.

ಅದಕ್ಕೂ ಮೊದಲು ಒಂದೆರಡು ಬ್ಯಾಸಿಗಿ ಓದಿದರು. ಕತಿ ನಿಲ್ಲಿಸಿ ಕೇಳುವುದನ್ನು ಮಾತ್ರ ಬಿಟ್ಟರು. ನಾವು ಅತ್ತರೂ ನಕ್ಕರೂ ತಲಿ ಎತ್ತುತ್ತಿರಲಿಲ್ಲ. ನನಗೆ ಅಕ್ಷರ ಕಲಿಸಿದ್ದು ಆಗಲೇ. "ಇನ್ನ ನೀನ ಓದಿಕೋ, ನನ್ನ ಬಾಯಿಂದ ಕೇಳಬ್ಯಾಡ" ಅಂದರು.

ಹೊರಡುವ ದಿನ ಗಂಟು ಕಟ್ಟುತ್ತಾ ಒಂದು ಮಾತು ಅಂದರು. "ನಿನ್ನ ಮನಿಗೆ ಕೊಟ್ಟಿದ್ರ…"

"ಕೊಟ್ಟಿದ್ರ ಏನೂ ಬಂಗಾರ ಆಗ್ತಿದ್ದಿಲ್ರಿ. ನನ್ನ ಮಗ ಕುಡೀತಾನ. ನನ್ನ ಸೊಸಿನ್ನ ಕೇಳ್ರಿ, ನನ್ನ ಬಾಯಿ ಎಂಥಾದ್ದು ಅಂತ ಹೇಳ್ತಾಳ" ಅಂದೆ. ಇದ್ದದ್ದು ಹೇಳಿದೆ, ಅವರಿಗೆ ಸಮಾಧಾನ ಆಗಲಿ ಅಂತಲ್ಲ. ಅವರು ಮೊದಲ ಸಲ ನನ್ನ ಮಾತಿಗೆ ನಕ್ಕರು.

ಹೋದ ಚಳಿಗಾಲದಲ್ಲಿ ಹುಡುಗಿ ಬಂದಳು. ಅವಳ ಕೂದಲೂ ಬೆಳ್ಳಗಾಗಿದೆ. ಅಕ್ಕೋರು ತೀರಿಕೊಂಡು ತಿಂಗಳ ಮೇಲಾಗಿತ್ತು, ಆಗ ಹೇಳಿಕಳಿಸಲು ಆಗಲಿಲ್ಲ ಅಂದಳು. ಆಕಿ ಅತ್ತಳು. ನನಗೆ ಅಳು ಬರಲಿಲ್ಲ. ಅನ್ನಕ್ಕಿಟ್ಟೆ, ಉಣಿಸಿ ಬಸ್ಸು ಹತ್ತಿಸಿ ಬಂದೆ.

ಅಕ್ಕೋರಿದ್ದ ಮನಿಯಲ್ಲಿ ಈಗ ಬ್ಯಾರೆಯವರಿದ್ದಾರೆ, ಪಡಸಾಲಿಗೆ ಶಟರ್ ಹಾಕಿಸಿದ್ದಾರೆ. ಅಲ್ಲಿ ಕೂಡುತ್ತಿದ್ದವರಲ್ಲಿ ನಾನೊಬ್ಬಳೇ ಉಳಿದೆ. ಮನಿಯಲ್ಲಿ ಮಂದಿಗೆ ಕಡಿಮಿಯಿಲ್ಲ. ಉಂಡಿಯಾ, ಗುಳಿಗಿ ತಗೊಂಡಿಯಾ ಅಂತ ಕೇಳುತ್ತಾರೆ, ತಪ್ಪು ಹೇಳಬಾರದು. ಆದರೆ ನಾನು ಎಂಥಾಕಿ ಅಂತ ತಿಳಿಯಲು ನನ್ನ ಮುಖ ಅಷ್ಟು ಹೊತ್ತು ನೋಡಿದವರು ಅವರೊಬ್ಬರೇ. ತಪ್ಪು ತಿಳಿದರು. ಆದರೂ ನೋಡಿದರು.